ದಾರ ಬಿಚ್ಚದ ಓಲೆಗಳು

ನಮಸ್ಕಾರ ಕೇಳುಗರೇ.

ಕ್ರಿ.ಪೂ. 63, ಡಿಸೆಂಬರ್ 3. ರೋಮ್ ನಗರದ ಕಾಂಕಾರ್ಡಿಯಾ ದೇವಿಯ ಗುಡಿಯಲ್ಲಿ ಸೆನೆಟ್ ಸೇರಿದೆ. ಸಭೆಯ ಮುಂದೆ ಕೆಲವು ಪುಟ್ಟ ಮೇಣದ ಹಲಗೆಗಳು. ದಾರ ಸುತ್ತಿ, ಮೇಲೆ ಮುದ್ರೆ ಒತ್ತಿದ್ದಾರೆ. ಆ ಕಾಲದ ಓಲೆ ಅಂದರೆ ಇದೇ. ಇನ್ನೂ ಯಾರೂ ಬಿಚ್ಚಿಲ್ಲ.

ಕಾನ್ಸಲ್, ಅಂದರೆ ರೋಮಿನ ಅತಿ ದೊಡ್ಡ ಅಧಿಕಾರಿ, ಸಿಸೆರೊ ಒಂದನ್ನು ಎತ್ತಿ ತೋರಿಸುತ್ತಾನೆ. ಈ ಮುದ್ರೆಯ ಗುರುತು ಸಿಕ್ಕಿತಾ ಅಂತ ಲೆಂಟ್ಯುಲಸ್‌ನನ್ನು ಕೇಳುತ್ತಾನೆ. ಲೆಂಟ್ಯುಲಸ್ ಸಾಮಾನ್ಯನಲ್ಲ, ಆ ವರ್ಷದ ಪ್ರೀಟರ್, ನ್ಯಾಯ ಹೇಳುವ ಅಧಿಕಾರಿ. ಆದರೂ ತಲೆಯಾಡಿಸದೆ ವಿಧಿಯಿಲ್ಲ. ಮುದ್ರೆಯಲ್ಲಿ ಅವನ ಅಜ್ಜನ ಮುಖವೇ ಇದೆ! ಆಮೇಲೆ ದಾರ ಕತ್ತರಿಸುತ್ತಾರೆ.

ಇಷ್ಟಕ್ಕೆಲ್ಲ ಮೂಲ ಕ್ಯಾಟಿಲಿನ. ಹಳೇ ಮನೆತನ, ತಲೆಯ ಮೇಲೆ ಸಾಲ. ಕಾನ್ಸಲ್ ಚುನಾವಣೆಯಲ್ಲಿ ಮತ್ತೆ ಸೋತಿದ್ದ. ಸರ್ಕಾರವನ್ನೇ ಉರುಳಿಸುವ ಸಂಚು ಹೂಡಿ, ಸಾಲ ಮನ್ನಾ ಮಾಡುತ್ತೇನೆ ಅಂತ ಜನ ಕೂಡಿಸಿದ. ಎಲ್ಲೋ ಕೇಳಿದ ಮಾತು, ಅಲ್ವಾ? ನವೆಂಬರಿನಲ್ಲಿ ಊರು ಬಿಟ್ಟು, ರೋಮಿನ ಉತ್ತರಕ್ಕಿರುವ ಎಟ್ರೂರಿಯಾದಲ್ಲಿದ್ದ ತನ್ನ ದಂಡನ್ನು ಸೇರಿಕೊಂಡ.

ಲೆಂಟ್ಯುಲಸ್ ಸೇರಿ ಊರಲ್ಲಿ ಉಳಿದ ಸಂಚುಗಾರರು ಗಾಲ್ ನಾಡಿನ, ಅಂದರೆ ಈಗಿನ ಫ್ರಾನ್ಸ್ ಕಡೆಯ, ಅಲ್ಲೋಬ್ರೊಜ್ ಜನರ ದೂತರನ್ನು ತಮ್ಮ ಕಡೆ ಸೆಳೆಯಲು ನೋಡಿದರು. ದೂತರು ಸುದ್ದಿಯನ್ನು ಸಿಸೆರೊನಿಗೆ ಮುಟ್ಟಿಸಿದರು. ಒಪ್ಪಿದ ಹಾಗೆ ನಟಿಸಿ, ಬರೆದು ಕೊಡಿ ಅಂತ ಕೇಳಿ, ಅಂದ ಅವನು. ಈ ಪುಣ್ಯಾತ್ಮರು ಬರೆದೂ ಕೊಟ್ಟರು! ರಾತ್ರಿ ಮಿಲ್ವಿಯನ್ ಸೇತುವೆಯ ಮೇಲೆ ಓಲೆಗಳು ಸಿಕ್ಕಿಬಿದ್ದವು.

ಸಂಚುಗಾರರಲ್ಲೊಬ್ಬನಾದ ಸೆಥೀಗಸ್‌ನ ಮನೆಯಲ್ಲಿ ಕತ್ತಿ, ಬಾಕುಗಳೂ ಸಿಕ್ಕವು. ಒಳ್ಳೆ ಕಬ್ಬಿಣದ ಸಾಮಾನು ಅಂದರೆ ನನಗೆ ಮೊದಲಿಂದಲೂ ಇಷ್ಟ, ಅಂದನಂತೆ. ಎರಡು ದಿನದ ಮೇಲೆ ಅವನು, ಲೆಂಟ್ಯುಲಸ್ ಸೇರಿ ಐವರನ್ನು ಸೆರೆಮನೆಯಲ್ಲಿ ಕತ್ತು ಹಿಸುಕಿ ಕೊಂದರು. ನ್ಯಾಯಾಲಯದ ವಿಚಾರಣೆ ಇಲ್ಲ.

ಇದನ್ನು ಕಾದಂಬರಿ ಮಾಡುವುದಾದರೆ ನಾನು ಸಿಸೆರೊನ ಹಿಂದೆ ಹೋಗುವುದಿಲ್ಲ. ತನ್ನ ಹೊಗಳಿಕೆಯನ್ನು ಅವನೇ ಬೇಕಾದಷ್ಟು ಬರೆದುಕೊಂಡಿದ್ದಾನೆ. ನನಗೆ ಬೇಕಾದವಳು ಫುಲ್ವಿಯಾ. ಸಂಚುಗಾರರಲ್ಲಿ ಒಬ್ಬನಾದ ಕ್ಯೂರಿಯಸ್‌ನ ಗೆಳತಿ. ಅವನ ಕೈ ಬರಿದಾದ ಮೇಲೆ ಅವಳ ಪ್ರೀತಿಯೂ ಇಳಿಯಿತಂತೆ. ಆಗ ಇದ್ದಕ್ಕಿದ್ದಂತೆ ಅವನು ಸಮುದ್ರ ಕೊಡುತ್ತೇನೆ, ಬೆಟ್ಟ ಕೊಡುತ್ತೇನೆ ಅನ್ನತೊಡಗಿದ. ನವೆಂಬರಿನ ಒಂದು ಬೆಳಗ್ಗೆ ಸಿಸೆರೊನನ್ನು ಕೊಲ್ಲಲು ಇಬ್ಬರು ಅವನ ಮನೆಗೆ ಹೋದರೆ, ಬಾಗಿಲು ಹಾಕಿತ್ತು. ಸುದ್ದಿ ಫುಲ್ವಿಯಾಳಿಂದ ಮೊದಲೇ ಹೋಗಿತ್ತು.

ಗಂಡಸರ ಓಲೆಗಳ ಕಥೆ ಇಷ್ಟೆಲ್ಲ ಉಳಿದಿದೆ. ಅವಳದು ಒಂದು ಸಾಲೂ ಉಳಿದಿಲ್ಲ. ನನ್ನ ಮೊದಲ ಅಧ್ಯಾಯದಲ್ಲಿ ರಾತ್ರಿಯಾಗಿದೆ. ಕ್ಯೂರಿಯಸ್ ಬಂದು ಕದ ತಟ್ಟುತ್ತಾನೆ. ಕೈಯಲ್ಲಿ ಉಡುಗೊರೆ ಇಲ್ಲ, ಮುಖದಲ್ಲಿ ಮಾತ್ರ ನಗು ಜಾಸ್ತಿ. ಫುಲ್ವಿಯಾ ಅದನ್ನು ಒಂದು ಗಳಿಗೆ ನೋಡುತ್ತಾಳೆ. ಆಮೇಲೆ ಒಳಗೆ ಕರೆಯುತ್ತಾಳೆ.