ರೀಕಾಲ್ ಆದ್ಮೇಲೂ ಆನ್‌ಲೈನಲ್ಲಿ ಸಿಗುತ್ತೆ, ನೋಡ್ಕೊಳ್ಳಿ

ಎಲ್ರಿಗೂ ನಮಸ್ಕಾರ. ಅಮೆರಿಕಕ್ಕೆ ಮಕ್ಕಳ ಮನೆಗೆ ಬಂದಿರೋ ಹಿರಿಯರು, ಕಾಲೇಜಿಗೆ ಹೋಗೋ ಮಕ್ಕಳಿರೋ ಅಪ್ಪ ಅಮ್ಮಂದಿರು, ನೀವೇ ಕೇಳ್ತಾ ಇದೀರ ಅಂದ್ಕೊಂಡು ಮಾತಾಡ್ತೀನಿ. ನಾನು ಇಲ್ಲಿ ಆಸ್ಪತ್ರೇಲಿ ಫಾರ್ಮಸಿಸ್ಟು. ಟೈಮ್ ಕಮ್ಮಿ ಇದೆ, ಅದಕ್ಕೆ ಮುಖ್ಯವಾದ್ದನ್ನ ಮೊದ್ಲೇ ಹೇಳ್ಬಿಡ್ತೀನಿ. ಒಂದು ತಿನ್ನೋ ಪದಾರ್ಥ ರೀಕಾಲ್ ಆಯ್ತು, ಅಂದ್ರೆ ಮಾರಿದ ಮಾಲನ್ನ ವಾಪಸ್ ಕರೆಸ್ಕೊಂಡ್ರು ಅಂದ್ರೆ ಅದರ ಮಾರಾಟ ನಿಂತೋಯ್ತು ಅಂತಲ್ಲ. ಆನ್‌ಲೈನಲ್ಲಂತೂ ಎಷ್ಟೋ ಸಲ ನಿಂತಿರಲ್ಲ.

2024ರದ್ದು ನೋಡಿ. ಡೈಮಂಡ್ ಶ್ರೂಮ್ಸ್ ಅಂತ ಚಾಕೊಲೇಟ್ ಬಾರು, ಕೋನು, ಗಮ್ಮಿ ಬರ್ತಿತ್ತು, ಕ್ಯಾಲಿಫೋರ್ನಿಯಾದ ಪ್ರಾಫೆಟ್ ಪ್ರೀಮಿಯಂ ಬ್ಲೆಂಡ್ಸ್ ಕಂಪನೀದು. ಜೂನ್ 7ಕ್ಕೆ ಇಲ್ಲಿ ಆಹಾರ, ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನ ತಿನ್ಬೇಡಿ ಅಂತು, ಜೂನ್ 27ಕ್ಕೆ ಕಂಪನಿ ಎಲ್ಲಾ ವಾಪಸ್ ತಗೋತೀವಿ ಅಂತು. ಕಾರಣ ಮಸ್ಸಿಮಾಲ್. ಕೆಂಪು ತಲೆ ಮೇಲೆ ಬಿಳಿ ಚುಕ್ಕೆ ಇರೋ ಅಣಬೆನ ಮಕ್ಕಳ ಪುಸ್ತಕದಲ್ಲಿ ನೋಡಿರ್ತೀರ, ಅದರಲ್ಲಿರೋದು, ಮೆದುಳನ್ನ ಮಂಕು ಮಾಡುತ್ತೆ. ಲ್ಯಾಬಲ್ಲಿ ಟೆಸ್ಟ್ ಮಾಡಿದ್ರೆ ಕೆಲವದರಲ್ಲಿ ಪ್ರಿಗಾಬಲಿನ್ ಕೂಡ ಸಿಕ್ತು. ನರದ ನೋವಿಗೆ ಡಾಕ್ಟರ ಚೀಟಿ ಇಲ್ದೆ ನಾವು ಕೊಡದೇ ಇರೋ ಔಷಧಿ ಅದು, ಚಾಕೊಲೇಟ್ ಒಳಗೆ! ಅಕ್ಟೋಬರ್ ಕೊನೆ ಹೊತ್ತಿಗೆ 34 ರಾಜ್ಯಗಳಲ್ಲಿ 180 ಜನಕ್ಕೆ ಹುಷಾರು ತಪ್ಪಿ 73 ಜನ ಆಸ್ಪತ್ರೆ ಸೇರಿದ್ರು, 3 ಸಾವಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ಲೆಕ್ಕಕ್ಕೆ ತಗೊಂಡ್ರು. ಫಿಟ್ಸ್, ವಾಂತಿ, ಎದೆಬಡಿತ ಏರುಪೇರು, ಪ್ರಜ್ಞೆ ಹೋಗೋದು, ಕೆಲವರಿಗೆ ಉಸಿರಾಡೋಕೆ ಟ್ಯೂಬೇ ಹಾಕ್ಬೇಕಾಯ್ತು.

ನನಗೆ ಗೊತ್ತಿರೋ ಒಂದು ಮನೇಲಿ ನಡೆದದ್ದು ಹೇಳ್ತೀನಿ. ಬ್ರಾಂಡ್ ಯಾವುದು, ಸೈಟ್ ಯಾವುದು ಬೇಡ, ಅಣಬೆ ಚಾಕೊಲೇಟು ಅಷ್ಟೇ. ಹಾಸನದ ಕಡೆಯಿಂದ ಮಗನ ಮನೆಗೆ ಬಂದಿದ್ದ ಯಜಮಾನರು, ಎಪ್ಪತ್ತು ದಾಟಿದೆ, ಶುಗರ್ ಇದೆ. ಮಧ್ಯಾಹ್ನ ಮನೇಲಿ ಯಾರೂ ಇಲ್ಲ, ಫ್ರಿಜ್ ತೆಗೆದ್ರೆ ಚಾಕೊಲೇಟು, ಸೊಸೆ ಇದ್ರೆ ಬೈತಾಳೆ ಅಂತ ಬೇಗ ಬೇಗ ನಾಲ್ಕು ತುಂಡು ತಿಂದಿದಾರೆ. ಸಂಜೆ ಸೊಸೆ ಬಂದು ನೋಡ್ತಾಳೆ ಮಾವ ಸೋಫಾ ಮೇಲೆ ಒರಗಿದಾರೆ, ಎಬ್ಬಿಸಿದ್ರೆ ಮಾತು ತೊದಲುತ್ತೆ, ಮಗನ್ನ ಗುರುತೇ ಹಿಡೀತಿಲ್ಲ. ಸ್ಟ್ರೋಕ್ ಅಂದ್ಕೊಂಡು ಆಂಬುಲೆನ್ಸ್ ಕರೆಸಿದ್ರು, ತಪ್ಪಲ್ಲ, ಯಾರಾದ್ರೂ ಹಾಗೇ ಅಂದ್ಕೊಳ್ಳೋದು. ಆಸ್ಪತ್ರೇಲಿ ತಲೆ ಸ್ಕ್ಯಾನ್ ಆಯ್ತು, ಶುಗರ್ ನೋಡಿದ್ರು, ಮೂತ್ರದ ಡ್ರಗ್ ಟೆಸ್ಟೂ ಆಯ್ತು, ಏನೂ ಸಿಗ್ಲಿಲ್ಲ, ಯಾಕಂದ್ರೆ ಮಾಮೂಲಿ ಡ್ರಗ್ ಟೆಸ್ಟಲ್ಲಿ ಮಸ್ಸಿಮಾಲ್ ಕಾಣಿಸೋದೇ ಇಲ್ಲ. ಏನು ತಿಂದ್ರು, ಏನು ತಿಂದ್ರು ಅಂತ ಡಾಕ್ಟರು ಕೇಳ್ತಾನೇ ಇದಾರೆ. ಮಗ ಸೊಸೆ ಮುದ್ದೆ, ಸಾರು, ಬಿಪಿ ಮಾತ್ರೆ ಅಂತ ಹೇಳ್ತಾನೇ ಇದಾರೆ. ಮೊಮ್ಮಗ ಮಾತ್ರ ಮೂಲೇಲಿ ಬಾಯಿ ಬಿಡದೆ ನಿಂತಿದಾನೆ. ರಾತ್ರಿ ತಾತನಿಗೆ ಇನ್ನೂ ಜಾಸ್ತಿ ಆದಾಗ ಅಳ್ತಾ ಬಂದು ಅಮ್ಮನ ಕೈಗೆ ರ್‍ಯಾಪರ್ ಕೊಟ್ಟ. ಅದನ್ನ ನೋಡಿದ್ಮೇಲೆ ಡಾಕ್ಟರಿಗೆ ದಾರಿ ಸಿಕ್ತು. ಯಜಮಾನರು ಈಗ ಚೆನ್ನಾಗಿದಾರೆ, ದೇವರ ದಯೆ.

ಆ ಹುಡುಗ ಏನಂದ ಗೊತ್ತಾ, "ಅಮ್ಮ, ಅದು ಬ್ಯಾನ್ ಆಗಿದ್ರೆ ಸೈಟಲ್ಲಿ ಇರ್ತಿರ್ಲಿಲ್ಲ ಅಲ್ವಾ?" ಸೊಸೆ ಅಲ್ಲೇ ಆಸ್ಪತ್ರೆ ಕುರ್ಚೀಲಿ ಕೂತು ಫೋನಲ್ಲಿ ಹುಡುಕಿದ್ಲು. ಅದು ರೀಕಾಲ್ ಆಗಿ ತಿಂಗಳುಗಳಾಗಿತ್ತು. ಸೈಟಲ್ಲಿ ಇನ್ನೂ ಇನ್ ಸ್ಟಾಕ್, ಅದೂ ಡಿಸ್ಕೌಂಟಲ್ಲಿ! ಬುದ್ಧಿವಂತ ಹುಡುಗ, ಓದ್ಕೊಂಡಿರೋ ಮನೆ, ಅವನೇ ಹಾಗೆ ನಂಬಿದ್ದ ನೋಡಿ. ರೀಕಾಲ್ ಅಂದ್ರೆ ಮಾರಾಟ ನಿಂತಿದೆ ಅಂತಲ್ಲ, ಇನ್ನೊಂದ್ಸಲ ಹೇಳ್ತೀನಿ, ಅಂತಲ್ಲ.

ಯಾಕೆ ಹೀಗೆ ಅಂತ ಬೇಗ ಹೇಳ್ಬಿಡ್ತೀನಿ, ಟೈಮ್ ಆಗ್ತಾ ಬಂತು ಅಂತ ಕೈ ತೋರಿಸ್ತಿದಾರೆ. ರೀಕಾಲ್ ಸಾಮಾನ್ಯವಾಗಿ ಕಂಪನೀನೇ ಮಾಡೋದು, ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಹೇಳುತ್ತೆ, ಅವರು ಅಂಗಡಿಗೆ ಹೇಳ್ತಾರೆ. ಮೂರನೇ ಕೈಯಿಂದ ಮಾಲು ತಗೊಂಡು ಮನೇಲಿಟ್ಕೊಂಡು ಸೈಟಲ್ಲಿ ಮಾರೋನಿಗೆ ಯಾರು ಹೇಳ್ತಾರೆ? ಗೊತ್ತಿದ್ರೂ ಕೆಲವರು ಕೊನೇ ಡಬ್ಬ ಖಾಲಿ ಆಗೋ ತನಕ ಮಾರ್ತಾರೆ. ಆ ಕೆಂಪು ಅಣಬೆನ ಆಹಾರದಲ್ಲಿ ಹಾಕೋ ಹಾಗೇ ಇಲ್ಲ ಅಂತ ಎಫ್‌ಡಿಎ 2024ರ ಡಿಸೆಂಬರಲ್ಲಿ ಸ್ಪಷ್ಟವಾಗಿ ಹೇಳಿದೆ, ಆದ್ರೂ ಮಾರೋರು ಮಾರ್ತಾನೇ ಇರ್ತಾರೆ. ಸೈಟಲ್ಲಿ ಇದೆ ಅನ್ನೋದನ್ನ ನಂಬ್ಬೇಡಿ, ಎಫ್‌ಡಿಎ ರೀಕಾಲ್ ಪಟ್ಟೀಲಿ ಹೆಸರು ಹಾಕಿ ನೋಡಿ, ಒಂದು ನಿಮಿಷದ ಕೆಲಸ.

ಮನೇಲಿ ಯಾರಾದ್ರೂ ತಿಂದಿದ್ರೆ ಮಕ್ಕಳನ್ನ ಬಯ್ಯೋದು ಆಮೇಲೆ. ಮೊದ್ಲು ರ್‍ಯಾಪರ್ ಎತ್ತಿಟ್ಕೊಳ್ಳಿ, ಕಸದ ಬುಟ್ಟೀಲಿದ್ರೂ ಸರಿ. ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಏಳದೇ ಇದ್ರೆ 911ಗೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಅಷ್ಟು ಆಗಿಲ್ಲ ಅಂದ್ರೆ ಪಾಯ್ಸನ್ ಹೆಲ್ಪ್‌ಲೈನ್, ಬರ್ಕೊಳ್ಳಿ, 1-800-222-1222. 24 ಗಂಟೆನೂ ಇರುತ್ತೆ, ದುಡ್ಡು ಕೊಡೋದಿಲ್ಲ, ಇಂಗ್ಲಿಷ್ ಕಷ್ಟ ಅಂದ್ರೆ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ. ಪೆನ್ ಹುಡುಕ್ತಿದ್ದೋರಿಗೆ ಇನ್ನೊಂದ್ಸಲ, 1-800-222-1222. ನಮಸ್ಕಾರ.