ಸ್ಕಾಟ್ಲೆಂಡ್ ರೋಡ್ ಟ್ರಿಪ್ ಭಾಗ 1: ದೋಣಿಗೊಂದು ಜಾತ್ರೆ ತೊಟ್ಟಿಲು

ಈಗ ನೀವು ನೋಡ್ತಾ ಇರೋದು ಎಡಿನ್‌ಬರಾ ಏರ್‌ಪೋರ್ಟ್ ಹತ್ರದ ಒಂದು ರೌಂಡಬೌಟು. ಅದರ ಸುತ್ತ ಇದು ನಮ್ಮ ಮೂರನೇ ಸುತ್ತು. ದೇವಸ್ಥಾನದಲ್ಲಿ ಹಾಕಿದ್ರೆ ಪುಣ್ಯನಾದ್ರೂ ಬರ್ತಿತ್ತು.

ರಸ್ತೆ ಎಡಗಡೆ, ಸ್ಟೇರಿಂಗ್ ಬಲಗಡೆ, ಎಲ್ಲ ನಮ್ಮೂರಿನ ಹಾಗೇ ಅಂತ ಇವರು ಧೈರ್ಯವಾಗಿ ಬಾಡಿಗೆ ಕಾರು ಹತ್ತಿದ್ರು. ಇಂಡಿಕೇಟರ್ ಮಾತ್ರ ಎಡಗೈಗೆ ಬಂದುಬಿಟ್ಟಿದೆ. ನಮ್ಮ ಮಾರುತೀಲಿ ಬಲಗೈ ರೂಢಿ. ಹಾಗಾಗಿ ಪ್ರತಿ ತಿರುವಿಗೂ ವೈಪರ್ ಆನ್! ಜಿಟಿಜಿಟಿ ಮಳೆ ಇದ್ದಿದ್ದಕ್ಕೆ ಮಾನ ಉಳೀತು.

ಎಂ9 ಹೆದ್ದಾರಿ ಹಿಡಿದು ಸ್ವಲ್ಪ ಹೊತ್ತಿಗೆ, ಹೊಲಗಳ ಆಚೆ ಎರಡು ಕುದುರೆ ತಲೆ. ಬರೀ ತಲೆ, ಸ್ಟೀಲಿಂದು, 30 ಮೀಟರ್ ಎತ್ತರ. ಇವೇ ಕೆಲ್ಪೀಸ್. ಕೆಲ್ಪಿ ಅಂದ್ರೆ ಇಲ್ಲಿಯವರ ಕಥೆಗಳಲ್ಲಿ ಬರೋ, ನೀರಲ್ಲಿರೋ ಕುದುರೆ ದೆವ್ವ. ಶಿಲ್ಪಿ ಆ್ಯಂಡಿ ಸ್ಕಾಟ್. ನಿಲ್ಲಿಸಿ ಅಂದೆ, ಇವರು ನಿಲ್ಲಿಸ್ಲಿಲ್ಲ. ಇವರ ತಲೇಲಿ ಆಗ್ಲೇ ಬೇರೆ ತಿರುಗ್ತಾ ಇತ್ತು.

ಅದೇ ಇದು, ಫಾಲ್ಕರ್ಕ್ ವೀಲ್. ಸ್ಕಾಟ್ಲೆಂಡ್ ಅಂದ್ರೆ ಎಲ್ರೂ ಗ್ಲೆನ್‌ಕೋ ಅಂತಾರೆ, ಸ್ಕೈ ದ್ವೀಪ ಅಂತಾರೆ. ಮೊದಲ ಸ್ಟಾಪಿಗೆ ಒಂದು ಮಷೀನು ನೋಡೋಕೆ ಬರೋರು ನನ್ನ ಗಂಡ ಒಬ್ರೇ ಇರಬೇಕು ಅಂದ್ಕೊಂಡಿದ್ದೆ. ಪಾರ್ಕಿಂಗ್ ನೋಡಿದ್ಮೇಲೆ ಮಾತು ವಾಪಸ್ ತಗೊಂಡೆ.

ವಿಷಯ ಏನಂದ್ರೆ, ಕೆಳಗೊಂದು ಕಾಲುವೆ, ಮೇಲೊಂದು ಕಾಲುವೆ. ಹಿಂದೆ ಇವೆರಡರ ಮಧ್ಯೆ ಮೆಟ್ಟಿಲಿನ ಥರ 11 ಲಾಕ್ ಇದ್ವಂತೆ. ಲಾಕ್ ಅಂದ್ರೆ ಗೇಟು ಮುಚ್ಚಿ, ನೀರು ತುಂಬಿಸಿ ದೋಣಿ ಎತ್ತೋ ತೊಟ್ಟಿ. ಎಲ್ಲ ದಾಟೋಕೆ ಹೆಚ್ಚುಕಮ್ಮಿ ಒಂದು ದಿನ. 1933ರಲ್ಲಿ ಅವನ್ನ ಕಿತ್ತುಹಾಕಿದ್ರು, ದಾರಿ ಕಡಿದುಹೋಯ್ತು. ಮತ್ತೆ ಸೇರಿಸಿದ್ದು 2002ರಲ್ಲಿ, ಈ ಚಕ್ರದಿಂದ. ನಮ್ಮ ಸಾಗರದ ಮಾರಿಜಾತ್ರೆ ತೊಟ್ಟಿಲು ನೆನೆಸ್ಕೊಳ್ಳಿ, ಆದ್ರೆ ಎರಡೇ ತೊಟ್ಟಿಲು, ಒಳಗೆ ಜನರ ಬದಲು ನೀರು. ಆ ನೀರಲ್ಲಿ ದೋಣಿ. ಅರ್ಧ ಸುತ್ತು ತಿರುಗಿದ್ರೆ ದೋಣಿ 24 ಮೀಟರ್ ಮೇಲೆ.

ಇದಕ್ಕೆ ಎಷ್ಟು ಕರೆಂಟು ಗೊತ್ತಾ? ಸುಮಾರು ಒಂದೂವರೆ ಯೂನಿಟ್. ನಮ್ಮನೇಲಿ ಇವರೊಬ್ಬರ ಸ್ನಾನಕ್ಕೆ ಗೀಸರ್ ಅಷ್ಟು ಎಳೆಯತ್ತೆ.

ನಾನು ನಂಬ್ಲಿಲ್ಲ. ನಾನು ತುಮರಿ ಕಡೆಯವಳು, ಸಿಗಂದೂರು ಲಾಂಚಲ್ಲಿ ಓಡಾಡಿ ಬೆಳೆದವಳು. ಬಸ್ಸು ಹತ್ತಿದ ಕೂಡ್ಲೆ ಲಾಂಚು ತಗ್ಗೋದು ಕಣ್ಣಾರೆ ನೋಡಿದೀನಿ. ಭಾರ ಅಂದ್ರೆ ಭಾರನೇ ತಾನೇ? ದೋಣಿ ಇರೋ ತೊಟ್ಟಿಲು ಕೆಳಗೆ ಜಗ್ಗಬೇಕಲ್ವಾ?

"ನೋಡೇ ಇಲ್ಲಿ" ಅಂತ ಇವರು ನಮ್ಮ ಅವಲಕ್ಕಿ ಡಬ್ಬಿ ಖಾಲಿ ಮಾಡಿ, ಅಂಚಿನ ತನಕ ನೀರು ತುಂಬಿಸಿ, ಬಾಟಲಿ ಮುಚ್ಚಳ ಮೆಲ್ಲಗೆ ತೇಲಿಬಿಟ್ರು. ನಾಲ್ಕು ಹನಿ ಹೊರಗೆ ಚೆಲ್ತು. "ಆ ಚೆಲ್ಲಿದ ನೀರಿನ ತೂಕವೂ ಈ ಮುಚ್ಚಳದ ತೂಕವೂ ಒಂದೇ. ಈಗ ಡಬ್ಬಿ ಭಾರ ಹೆಚ್ಚಾಯ್ತಾ?" ಇಲ್ಲ. ದೋಣಿ ಒಳಗೆ ಬರ್ತಾ ತನ್ನ ತೂಕದಷ್ಟೇ ನೀರನ್ನ ಕಾಲುವೆಗೆ ತಳ್ಳಿರತ್ತೆ. ಆಮೇಲೆ ಗೇಟು. ಎರಡೂ ಕಡೆ ತಕ್ಕಡಿ ಸಮ, ಮೋಟರಿಗೆ ಸುಮ್ನೆ ತಿರುಗಿಸೋದಷ್ಟೇ ಕೆಲಸ. ಅವಲಕ್ಕಿ ಎಲ್ಲಿ ಹೋಯ್ತು ಅಂತ ಕೇಳ್ಬೇಡಿ, ಟಿಶ್ಯೂ ಮೇಲಿದೆ, ಒದ್ದೆಯಾಗಿದೆ.

ಟಿಕೆಟ್ ತಗೊಂಡು ನಾವೂ ಹತ್ತಿದ್ವಿ. ಏರ್ತಾ ಇದೀವಿ ಅಂತ ಗೊತ್ತೇ ಆಗಲ್ಲ. ಜಾತ್ರೆ ತೊಟ್ಟಿಲಿನ ಹಾಗೆ ತೂಗಾಡಲ್ಲ, ಒಳಗಿರೋ ಹಲ್ಲಿನ ಚಕ್ರಗಳು ಹಿಡಿದುಕೊಂಡಿರತ್ವೆ. ಮೇಲೆ ಕಾಲುವೆ ಹಾಗೇ ಸುರಂಗದೊಳಗೆ ಹೋಗತ್ತೆ. ಆ ಗುಡ್ಡದ ಮೇಲೆ ರೋಮನ್ನರ ಆಂಟೊನೈನ್ ಗೋಡೆ ಹಾದುಹೋಗಿದೆ, ಕ್ರಿ.ಶ. 142ರ ಸುಮಾರಿಗೆ ಕಟ್ಟೋಕೆ ಶುರು ಮಾಡಿದ್ದು. ಅದನ್ನ ಮುಟ್ಟಬಾರದು ಅಂತಲೇ ಅಡಿಯಿಂದ ಕೊರೆದಿದ್ದಾರೆ.

ಇಳಿಯೋವಾಗ ಎದುರಿನ ತೊಟ್ಟಿಲಲ್ಲಿ ಒಂದು ಸಣ್ಣ ದೋಣಿ ಮೇಲೆ ಬರ್ತಿತ್ತು. ನಮ್ಮ ದೋಣಿ ತುಂಬ ಜನ. ಅದರಲ್ಲಿ ಒಬ್ಬ ಅಜ್ಜ, ಒಂದು ನಾಯಿ, ಅಷ್ಟೇ. ಇಬ್ಬರೂ ಒಂದೇ ಎತ್ತರಕ್ಕೆ ಬಂದಾಗ ಅಜ್ಜ ಟೀ ಮಗ್ ಎತ್ತಿ ತೋರಿಸಿದ್ರು. ನಾಯಿ ಮಾತ್ರ ನಮ್ಮ ಕಡೆ ತಿರುಗಿಯೂ ನೋಡ್ಲಿಲ್ಲ.