ಶನಿವಾರ ಬೆಳಗಿನ ಪೌರುಷ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಎಂಎಸ್ ಮಾಡಲು ಅಮೆರಿಕಕ್ಕೆ ಬಂದ ನಮ್ಮ ಹುಡುಗರಿಗೆ ಮೊದಲ ಸೆಪ್ಟೆಂಬರ್‌ನಲ್ಲೇ ಒಂದು ಶಾಕ್ ಕಾದಿರುತ್ತದೆ. ಶನಿವಾರ ಬೆಳಗ್ಗೆ ಹಾಲು ತರಲು ಹೊರಗೆ ಬಂದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಹೊರಟಿರುತ್ತದೆ. ಜಾತ್ರೆಯೇನೋ ಅಂದುಕೊಳ್ಳಬೇಕು. ಹೊರಟಿರುವುದು ಕಾಲೇಜು ಹುಡುಗರ ಫುಟ್‌ಬಾಲ್ ನೋಡಲು. ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಆನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಕಾಲೇಜ್ ಟೀಮಿಗೆ!

ಆದರೆ ಇವತ್ತು ನಾನು ಆಟದ ಬಗ್ಗೆ ಮಾತಾಡುವುದಿಲ್ಲ. ಆಟಕ್ಕೆ ಮುಂಚಿನ ಭಾಷಣದ ಬಗ್ಗೆ, ಅದನ್ನು ಕೇಳಿ ಅಭಿಮಾನಿಗಳು ಮಾಡುವ ತಮಾಷೆಯ ಬಗ್ಗೆ ಮಾತಾಡುತ್ತೇನೆ.

ಇಎಸ್‌ಪಿಎನ್ ಅನ್ನೋ ಕ್ರೀಡಾ ಚಾನೆಲ್‌ನಲ್ಲಿ 'ಕಾಲೇಜ್ ಗೇಮ್‌ಡೇ' ಅಂತ ಒಂದು ಕಾರ್ಯಕ್ರಮ ಬರುತ್ತದೆ. 1987ರಲ್ಲಿ ಸ್ಟುಡಿಯೋದಲ್ಲಿ ಶುರುವಾಯಿತು, 1993ರಲ್ಲಿ ನೊಟ್ರೆ ಡೇಮ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ವಾರಕ್ಕೊಂದು ಕ್ಯಾಂಪಸ್ ಸುತ್ತುವ ಚಾಳಿ ಹತ್ತಿತು. ಅಲ್ಲಿ 2022ರಲ್ಲಿ ಬಂದು ಸೇರಿಕೊಂಡವರು ಪ್ಯಾಟ್ ಮ್ಯಾಕಫಿ. ಬನಿಯನ್‌ನಂಥ ತೋಳಿಲ್ಲದ ಅಂಗಿ, ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಯುದ್ಧಕ್ಕೆ ಹೊರಟ ಸೈನ್ಯಕ್ಕೆ ಹೇಳುವ ಹಾಗೆ, ಈ ಊರು, ಈ ಮಣ್ಣು, ನಿಮ್ಮ ಅಪ್ಪ, ನಿಮ್ಮ ತಾತ, ಎಲ್ಲರೂ ಬಂದುಹೋಗುತ್ತಾರೆ ಅದರಲ್ಲಿ.

ಈಗ ಯೋಚನೆ ಮಾಡಿ, ಇದನ್ನು ಕೇಳುತ್ತಿರುವವರು ಯಾರು? ಆಡುವ ಹುಡುಗರಲ್ಲ. ಅವರ ಪಾಡು ಅವರಿಗೆ, ಅವರನ್ನು ಹುರಿದುಂಬಿಸಲು ಅವರದೇ ಕೋಚ್ ಇದ್ದಾರೆ. ಕೇಳುತ್ತಿರುವವರು ರಾತ್ರಿಯೆಲ್ಲ ನಿದ್ದೆಗೆಟ್ಟು ಬೋರ್ಡ್ ಹಿಡಿದು ನಿಂತ ವಿದ್ಯಾರ್ಥಿಗಳು, ಮತ್ತೆ ಮನೆಯಲ್ಲಿ ಸೋಫಾ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತ ನಲವತ್ತೈದರ ಗಂಡಸರು. 'ಉತ್ತರನ ಪೌರುಷ ಒಲೆ ಮುಂದೆ' ಅಂತ ನಮ್ಮಲ್ಲಿ ಹೇಳುವುದು ಇದಕ್ಕೇ. ಚೆಂದ ಏನೆಂದರೆ, ತಾವೇ ಉತ್ತರಕುಮಾರರು ಅಂತ ಅವರಿಗೆ ಚೆನ್ನಾಗಿ ಗೊತ್ತು. ಭಾಷಣ ಮುಗಿದ ತಕ್ಷಣ ಒಬ್ಬ "ಕೋಚ್, ನನಗಿನ್ನೂ ನಾಲ್ಕು ವರ್ಷ ಆಡುವ ಅರ್ಹತೆ ಬಾಕಿ ಇದೆ" ಅನ್ನುತ್ತಾನೆ. ಕಾಲೇಜು ಆಟಗಾರನಿಗೆ ಸಿಗುವುದು ನಾಲ್ಕು ಸೀಸನ್, ಇವನು ಒಂದನ್ನೂ ಆಡಿಲ್ಲವಲ್ಲ, ಲೆಕ್ಕ ಸರಿಯಾಗೇ ಇದೆ! ಇಂಥ ಭಾಷಣ ಕೇಳಿದರೆ ಗೋಡೆಯನ್ನೇ ಒಡೆದುಕೊಂಡು ಓಡುವಷ್ಟು ಹುರುಪು ಬರುತ್ತದೆ ಅಂತ ಅಲ್ಲಿ ಒಂದು ಮಾತಿದೆ. ಅದಕ್ಕೇ ಇನ್ನೊಬ್ಬ "ಈಗ ಗೋಡೆ ಒಡೆದುಕೊಂಡು ಆಚೆ ಹೋಗುತ್ತಿದ್ದೆ, ಬಾಡಿಗೆ ಮನೆ ಅಂತ ಸುಮ್ನಿದ್ದೇನೆ" ಅನ್ನುತ್ತಾನೆ.

ಭಾಷಣಕಾರನನ್ನೂ ಬಿಡುವುದಿಲ್ಲ. ಮ್ಯಾಕಫಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಕಿಕ್ಕರ್, ಅಂದರೆ ಚೆಂಡು ಒದೆಯುವ ಆಟಗಾರ, ಆಗಿದ್ದವರು. 2007ರ ಡಿಸೆಂಬರ್ 1, ಎದುರಿಗೆ ಪಿಟ್ಸ್‌ಬರ್ಗ್. ದೇಶದಲ್ಲೇ ಎರಡನೇ ಸ್ಥಾನದಲ್ಲಿದ್ದ ವೆಸ್ಟ್ ವರ್ಜೀನಿಯಾ ಗೆದ್ದಿದ್ದರೆ ನೇರ ಫೈನಲ್. ಎದುರು ತಂಡ ಅದಾಗಲೇ ಏಳು ಮ್ಯಾಚ್ ಸೋತು ಸುಣ್ಣವಾಗಿತ್ತು. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸುವುದಕ್ಕೆ ಫೀಲ್ಡ್ ಗೋಲ್ ಅನ್ನುತ್ತಾರೆ. ಮ್ಯಾಕಫಿ ಒದ್ದ ಎರಡು ಫೀಲ್ಡ್ ಗೋಲ್ ಗುರಿ ತಪ್ಪಿದವು, ಒಂದು 20 ಗಜ, ಇನ್ನೊಂದು 32 ಗಜ. ತಂಡ 13-9ರಲ್ಲಿ ಸೋತಿತು. ಈಗ ಅದೇ ಮನುಷ್ಯ ವಾರವಾರವೂ ಒಬ್ಬ ವಿದ್ಯಾರ್ಥಿಯನ್ನು ಕರೆದು 33 ಗಜದಿಂದ ಚೆಂಡು ಒದೆಯುವ ಪಂದ್ಯ ಇಡುತ್ತಾರೆ, ದುಡ್ಡೂ ಕೊಡುತ್ತಾರೆ. ಪಿಟ್ಸ್‌ಬರ್ಗ್‌ನವರಿಗೆ ಇದಕ್ಕಿಂತ ಒಳ್ಳೆಯ ಜೋಕು ಬೇಕಾ? ಆದರೂ ನನಗೆ ಅವರ ಭಾಷಣ ನಾಟುವುದು ಈ ಕಾರಣಕ್ಕೇ. ಇಪ್ಪತ್ತನೇ ವಯಸ್ಸಿನಲ್ಲಿ ಇಡೀ ರಾಜ್ಯದ ಮುಂದೆ ಸೋತವರು ಅವರು, ಶನಿವಾರ ಯಾಕೆ ದೊಡ್ಡದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆ ನೋಡಿದರೆ ಹಳೇ ಕಾಲದ ಭಾಷಣಗಳೂ ಪೂರ್ತಿ ಸಾಚಾ ಅಲ್ಲ. ನೊಟ್ರೆ ಡೇಮ್‌ನ ಕೋಚ್ ಕ್ನೂಟ್ ರಾಕ್ನಿ 1928ರಲ್ಲಿ, ತೀರಿಹೋದ ಆಟಗಾರ ಜಾರ್ಜ್ ಗಿಪ್‌ನ ಕೊನೆಯಾಸೆ ಅಂತ ಹೇಳಿ ಹುಡುಗರನ್ನು ಅಳಿಸಿ ಆರ್ಮಿ ತಂಡವನ್ನು 12-6ರಲ್ಲಿ ಸೋಲಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗುವುದು 1922ರ ಕಥೆ. ಜಾರ್ಜಿಯಾ ಟೆಕ್ ಮ್ಯಾಚಿಗೆ ಮುಂಚೆ, "ನನ್ನ ಮಗನಿಗೆ ತುಂಬಾ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾನೆ, ನೀವು ಗೆಲ್ಲಬೇಕಂತೆ" ಅಂತ ಹೇಳಿದರು. ಹುಡುಗರು ಜೀವ ಬಿಟ್ಟು ಆಡಿ ಗೆದ್ದರು. ವಾಪಸ್ ಬಂದು ರೈಲಿಳಿದರೆ, ಆ ಮಗ ಗುಂಡುಕಲ್ಲಿನ ಹಾಗೆ ಸ್ಟೇಷನ್‌ನಲ್ಲಿ ಕಾಯುತ್ತಿದ್ದ!

ಇದೇ ಕಾರ್ಯಕ್ರಮದಲ್ಲಿ ಲೀ ಕೋರ್ಸೊ ಅಂತ ಒಬ್ಬ ಅಜ್ಜ ಇದ್ದರು, ಮೊದಲು ಕೋಚ್ ಆಗಿದ್ದವರು. ಕೊನೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೇಳಿ ಆ ತಂಡದ ಗೊಂಬೆಯ ತಲೆಯನ್ನೇ ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಿದ್ದರು. 1996ರಲ್ಲಿ ಒಹಾಯೊ ಸ್ಟೇಟ್‌ನಲ್ಲಿ ಶುರು, 2025ರ ಆಗಸ್ಟ್ 30ರಂದು ಅಲ್ಲಿಯೇ ನಿವೃತ್ತಿ. ಅಭಿಮಾನಿಗಳು ಟಿವಿಗೆ ಕೈ ಮುಗಿಯುತ್ತಿದ್ದರು, "ಅಜ್ಜಾ, ದಯವಿಟ್ಟು ನಮ್ಮ ಹೆಸರು ಮಾತ್ರ ಹೇಳಬೇಡ" ಅಂತ. ನಮ್ಮಲ್ಲಿ ಕರಿನಾಲಿಗೆ ಅನ್ನುತ್ತೇವಲ್ಲ, ಅದೇ ಭಯ. ಅವರು ಹೇಳಿದ್ದು ನಿಜವಾದದ್ದೇ ಜಾಸ್ತಿ, ಆದರೆ ಭಯಕ್ಕೆ ಲೆಕ್ಕ ಎಲ್ಲಿಯದು?

2024ರ ಅಕ್ಟೋಬರ್ 5ರಂದು ಈ ಗೇಮ್‌ಡೇ ಬಳಗ ಮೊದಲ ಸಲ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಕಾರ್ಯಕ್ರಮ ಶುರುವಾಗುವ ಹೊತ್ತು ಅಮೆರಿಕದ ಪೂರ್ವದಲ್ಲಿ ಒಂಬತ್ತು ಗಂಟೆ ಅಂದರೆ ಅಲ್ಲಿ ಬೆಳಗಿನ ಆರು. ಕತ್ತಲಲ್ಲೇ ಸಾವಿರಾರು ಜನ ಸೇರಿದ್ದರು. ಅವತ್ತು ರಾತ್ರಿ ಮಯಾಮಿ ಎದುರು ಬರ್ಕ್ಲಿಯವರು 35-10ರಲ್ಲಿ ಮುಂದಿದ್ದರು. ಕೊನೆಗೆ 39-38ರಲ್ಲಿ ಸೋತರು. ಒಂದು ಪಾಯಿಂಟು!

ಅಲ್ಲಿ ಓದುತ್ತಿದ್ದ ನಮ್ಮ ನೆಂಟರ ಹುಡುಗನಿಗೆ ಮರುದಿನ ಫೋನ್ ಮಾಡಿ, ಸಮಾಧಾನ ಹೇಳೋಣ ಅಂತ "ಹೇಗಿದ್ದೀಯಪ್ಪಾ?" ಅಂದೆ.

"ಮಾವ, ಗೋಡೆ ಒಡೆದುಕೊಂಡು ಹೋಗಿದ್ದೆ. ಆಚೆ ಬದಿ ಇನ್ನೊಂದು ಗೋಡೆ ಇತ್ತು" ಅಂದ.